ಆ ದೋಣಿ ಹೋಗ್ತಾ ಇದೆಯಾ, ಬರ್ತಾ ಇದೆಯಾ?

ಪ್ರಶ್ನೆ: ನಮ್ಮದು ಎಂಟು ಜನರ ಒಂದು ಓದುವ ಬಳಗ. ಹೋದ ತಿಂಗಳು ಫ್ರಾನ್ಸಿನ ಸಂಕೇತವಾದಿ ಕವಿಗಳ, ಅಂದರೆ ನೇರವಾಗಿ ಹೇಳದೆ ಸಂಕೇತಗಳಲ್ಲಿ ಸೂಚಿಸುವವರ, ಕೆಲವು ಪದ್ಯ ಓದಿದೆವು. ಜತೆಗೆ ಬೋಕ್ಲಿನ್ ಬರೆದ ‘ಸತ್ತವರ ದ್ವೀಪ’ ಚಿತ್ರದ ಪ್ರಿಂಟ್ ಇಟ್ಟುಕೊಂಡು ಮಾತಾಡಿದೆವು. ಒಬ್ಬರಿಗೆ ಅದು ಸಾವಿನ ಭಯ, ಇನ್ನೊಬ್ಬರಿಗೆ ನೆಮ್ಮದಿ. ಕಾಫಿ ತಂದುಕೊಟ್ಟ ನನ್ನ ಅಮ್ಮ ಒಂದು ಸಲ ನೋಡಿ, ‘ಯಾರನ್ನೋ ಬಿಟ್ಟು ವಾಪಸ್ ಬರ್ತಾ ಇದ್ದಾರೆ’ ಅಂದರು. ಕೊನೆಗೆ ಸಣ್ಣ ಜಗಳವೇ ಆಯಿತು. ಯಾರು ಏನು ಹೇಳಿದರೂ ಸರಿ ಅನ್ನುವುದಾದರೆ, ಕಲಾವಿದನಿಗೆ ಹೇಳುವುದಕ್ಕೆ ಏನೂ ಇರಲಿಲ್ಲ ಅಂತ ತಾನೇ ಅರ್ಥ? ಮಾತಿನಲ್ಲಿ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥಕ್ಕೆ ನಮ್ಮ ಕಾವ್ಯಶಾಸ್ತ್ರದವರು ಧ್ವನಿ ಅನ್ನುತ್ತಾರಲ್ಲ, ಅದೇನಾ ಇದು?

ಉತ್ತರ: ನಿಮ್ಮ ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ದೋಣಿ ದ್ವೀಪದ ಕಡೆ ಹೋಗುತ್ತಿದೆ ಅಂತ ನಾವೆಲ್ಲ ನೋಡುವ ಮೊದಲೇ ಒಪ್ಪಿಕೊಂಡಿರುತ್ತೇವೆ. ಅವರು ಒಪ್ಪಿಕೊಂಡಿಲ್ಲ. ಅವರು ಬರೀ ನೋಡಿದ್ದಾರೆ.

ಪ್ರಿಂಟನ್ನು ಮತ್ತೊಮ್ಮೆ ಮುಂದಿಟ್ಟುಕೊಳ್ಳಿ. ನಡುವೆ ನೆಟ್ಟಗೆ, ಕಪ್ಪಗೆ ನಿಂತ ಸೈಪ್ರೆಸ್ ಮರಗಳು. ಎರಡೂ ಕಡೆ ಎತ್ತರದ ಬಂಡೆ, ಬಂಡೆಯಲ್ಲಿ ಕೊರೆದ ಬಾಗಿಲುಗಳು. ಮುಂದೆ ಒಂದು ಚಿಕ್ಕ ದೋಣಿ. ಅದರಲ್ಲಿ ಹುಟ್ಟು ಹಾಕುವವನೊಬ್ಬ, ಮೈತುಂಬ ಬಿಳಿ ಹೊದ್ದು ನಿಂತ ಇನ್ನೊಬ್ಬರು, ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಒಂದು ವಸ್ತು. ಅದನ್ನು ಶವಪೆಟ್ಟಿಗೆ ಅಂತ ಎಲ್ಲರೂ ಹೇಳುತ್ತಾರೆ. ನೀರು ಕನ್ನಡಿಯ ಹಾಗಿದೆ. ನಿಂತವರ ಬೆನ್ನು ನಮ್ಮ ಕಡೆ, ಮುಖ ದ್ವೀಪದ ಕಡೆ. ದ್ವೀಪಕ್ಕೆ ಹೋಗುವವರು ಅತ್ತ ನೋಡುತ್ತಾರೆ, ನಿಜ. ಆದರೆ ಯಾರನ್ನೋ ಅಲ್ಲಿ ಬಿಟ್ಟು ಬರುವವರೂ ಅತ್ತಲೇ ನೋಡುತ್ತಾರೆ.

ಈ ಚಿತ್ರ ಹುಟ್ಟಿದ ಕತೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಆರ್ನೋಲ್ಡ್ ಬೋಕ್ಲಿನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವನು. 1880ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿದ್ದ. ಒಬ್ಬ ಗಿರಾಕಿಗಾಗಿ ಈ ದ್ವೀಪದ ಚಿತ್ರ ಶುರು ಮಾಡಿದ್ದ. ಅದು ಅರ್ಧ ಮುಗಿದಿತ್ತು. ಆಗ ಮರೀ ಬೆರ್ನಾ ಎಂಬ ಹೆಂಗಸು ಅವನ ಸ್ಟುಡಿಯೋಗೆ ಬಂದಳು. ಆಕೆಯ ಗಂಡ 1865ರಲ್ಲೇ ತೀರಿಕೊಂಡಿದ್ದ. ಅರ್ಧ ಮುಗಿದ ಆ ಚಿತ್ರ ಆಕೆಯ ಮನಸ್ಸಿಗೆ ನಾಟಿತು. ಗಂಡನ ನೆನಪಿಗೆ ಇಂಥದ್ದೇ ಒಂದು ಬೇಕು ಅಂದಳು. ದೋಣಿಯಲ್ಲಿ ಶವಪೆಟ್ಟಿಗೆ ಮತ್ತು ಬಿಳಿ ಹೊದ್ದ ಆಕೃತಿ ಸೇರಿದ್ದು ಆಕೆ ಕೇಳಿಕೊಂಡಿದ್ದಕ್ಕೆ. ಆಕೆಗೆ ಬರೆದುಕೊಟ್ಟ ಚಿಕ್ಕ ಚಿತ್ರದಲ್ಲಿ ಅವನ್ನು ಸೇರಿಸಿದ ಮೇಲೆ, ಬೋಕ್ಲಿನ್ ಮೊದಲಿನ ದೊಡ್ಡ ಚಿತ್ರಕ್ಕೂ ಸೇರಿಸಿದ.

ಇದನ್ನು ಸ್ವಲ್ಪ ನಿಂತು ಯೋಚಿಸಿ. ಇವತ್ತು ಇಡೀ ಲೋಕ ಆ ಚಿತ್ರವನ್ನು ಗುರುತು ಹಿಡಿಯುವುದೇ ಆ ಬಿಳಿ ಆಕೃತಿಯಿಂದ. ಅದು ಬಂದಿದ್ದು ನೋಡಲು ಬಂದವಳ ದುಃಖದಿಂದ. ಆಕೆ ಚಿತ್ರಕ್ಕೆ ಅರ್ಥ ಹಚ್ಚಿದಳು, ಕಲಾವಿದ ಆ ಅರ್ಥಕ್ಕೆ ಬಣ್ಣ ಹಚ್ಚಿದ. ಹಾಗಂತ ಬೋಕ್ಲಿನ್‌ಗೆ ತನ್ನದೇ ದುಃಖ ಇರಲಿಲ್ಲವೇ? ಇತ್ತು. ಅವನು ಹಲವು ಮಕ್ಕಳನ್ನು ಕಳೆದುಕೊಂಡಿದ್ದ. ಅವರಲ್ಲಿ ಒಂದು ಕೂಸನ್ನು ಮಣ್ಣು ಮಾಡಿದ್ದು ಫ್ಲಾರೆನ್ಸಿನ ಇಂಗ್ಲಿಷ್ ಸ್ಮಶಾನದಲ್ಲಿ, ಅವನ ಸ್ಟುಡಿಯೋಗೆ ಹತ್ತಿರದಲ್ಲೇ. ಅಲ್ಲೂ ಸೈಪ್ರೆಸ್ ಮರಗಳಿವೆ. ಆದರೂ ಚಿತ್ರದ ಅರ್ಥ ಇಂಥದ್ದು ಅಂತ ಅವನು ಬಾಯಿ ಬಿಟ್ಟು ಹೇಳಲಿಲ್ಲ. ಇದು ಕನಸು ಕಾಣುವುದಕ್ಕೆ ಇರುವ ಚಿತ್ರ ಅಂದ. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳುವಷ್ಟು ಮೌನ ಇದರಿಂದ ಹುಟ್ಟಬೇಕು ಅಂದ. ಅವನಿಗೆ ಬೇಕಾಗಿದ್ದು ಒಂದು ಸ್ಥಿತಿ.

‘ಸತ್ತವರ ದ್ವೀಪ’ ಎಂಬ ಹೆಸರನ್ನು 1883ರಲ್ಲಿ ಚಿತ್ರಕ್ಕೆ ಅಂಟಿಸಿದವನು ಫ್ರಿಟ್ಸ್ ಗುರ್ಲಿಟ್ ಎಂಬ ಕಲಾ ವ್ಯಾಪಾರಿ. ಬೋಕ್ಲಿನ್ ತನ್ನ ಮೊದಲ ಗಿರಾಕಿಗೆ ಬರೆದ ಪತ್ರದ ಒಂದು ಮಾತಿನಿಂದಲೇ ಅದನ್ನು ಎತ್ತಿಕೊಂಡ. ಆದರೂ ಪತ್ರದಲ್ಲಿ ಒಂದು ಮಾತಾಗಿ ಇರುವುದು ಬೇರೆ, ಚಿತ್ರದ ಕೆಳಗೆ ಪಟ್ಟಿಯಾಗಿ ಕೂರುವುದು ಬೇರೆ. ನನ್ನ ಕೇಳಿದರೆ, ಆ ಹೆಸರು ಚಿತ್ರಕ್ಕೆ ಅನ್ಯಾಯ ಮಾಡಿದೆ. ಹೆಸರು ಓದಿದ ತಕ್ಷಣ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ. ಸಾವು ಅಂತ ಗೊತ್ತಾಯಿತಲ್ಲ, ಇನ್ನೇನು ನೋಡುವುದು? ನಿಮ್ಮ ಬಳಗದವರು ಹೆಸರು ಓದಿ ನೋಡಿದರು. ಅಮ್ಮ ಹೆಸರು ಓದದೆ ನೋಡಿದರು. ವ್ಯತ್ಯಾಸ ಅಲ್ಲೇ ಇರಬೇಕು ಅಂತ ನನಗನ್ನಿಸುತ್ತದೆ.

1880ರಿಂದ 1886ರ ಒಳಗೆ ಬೋಕ್ಲಿನ್ ಈ ದ್ವೀಪವನ್ನು ಐದು ಸಲ ಬರೆದ. ಮೊದಲನೆಯದು ಬಾಸೆಲ್‌ನಲ್ಲಿದೆ. ಮರೀ ಬೆರ್ನಾಳದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮೂರನೆಯದನ್ನು 1936ರಲ್ಲಿ ಹಿಟ್ಲರ್ ಕೊಂಡುಕೊಂಡ. ಅದು ಈಗ ಬರ್ಲಿನ್ನಿನಲ್ಲಿದೆ. ನಾಲ್ಕನೆಯದು ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸುಟ್ಟುಹೋಯಿತು. ಐದನೆಯದು ಲೈಪ್‌ಜಿಗ್‌ನಲ್ಲಿದೆ. ಒಬ್ಬ ವಿಧವೆ ಗಂಡನ ನೆನಪಿಗೆ ಇಟ್ಟುಕೊಂಡ ಚಿತ್ರ, ಲಕ್ಷಾಂತರ ಜನರನ್ನು ಕೊಲ್ಲಿಸಿದವನ ಗೋಡೆಯ ಮೇಲೂ ಇತ್ತು. ಇಬ್ಬರೂ ಒಂದೇ ದ್ವೀಪ ನೋಡಿದರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸಂಗೀತಗಾರ ರಾಖ್ಮನಿನೋಫ್ ಮೊದಲು ನೋಡಿದ್ದು ಈ ಚಿತ್ರದ ಕಪ್ಪು ಬಿಳುಪು ಪ್ರತಿಯನ್ನು. ಅದರಿಂದ 1909ರಲ್ಲಿ ಒಂದು ದೊಡ್ಡ ಆರ್ಕೆಸ್ಟ್ರಾ ಕೃತಿ ಬಂತು. ಐದರ ಎಣಿಕೆಯಲ್ಲಿ ಕುಂಟುತ್ತಾ ಸಾಗುವ ಲಯ, ಹುಟ್ಟು ನೀರಿಗೆ ಬಿದ್ದು ಏಳುವ ಹಾಗೆ. ನಡುವೆ ಬದುಕಬೇಕೆಂಬ ಆಸೆಯ ಹಾಗೆ ಒಂದು ರಾಗ ಮೇಲೇರುತ್ತದೆ. ಬೋಕ್ಲಿನ್ ಚಿತ್ರದಲ್ಲಿ ಅಂಥ ಏರಿಕೆ ಎಲ್ಲೂ ಇಲ್ಲ. ಅದು ನೋಡುಗ ತಂದು ಸೇರಿಸಿದ್ದು, ಮರೀ ಬೆರ್ನಾ ಶವಪೆಟ್ಟಿಗೆ ಸೇರಿಸಿದ ಹಾಗೆ. ಬಣ್ಣದ ಮೂಲ ಚಿತ್ರವನ್ನು ಮೊದಲೇ ನೋಡಿದ್ದರೆ ಬಹುಶಃ ಈ ಕೃತಿ ಬರೆಯುತ್ತಿರಲಿಲ್ಲ ಅಂತ ಅವನೇ ಆಮೇಲೆ ಹೇಳಿದ.

ಈಗ ‘ಕಲಾವಿದನಿಗೆ ಹೇಳುವುದಕ್ಕೆ ಏನೂ ಇರಲಿಲ್ಲವಾ’ ಅನ್ನುವ ಪ್ರಶ್ನೆಗೆ ಬರೋಣ. ಆ ಕಾಲದ ಕವಿಗಳು ಇದಕ್ಕೆ ಬಹಳ ಯೋಚಿಸಿ ಉತ್ತರ ಕೊಟ್ಟಿದ್ದಾರೆ. ಫ್ರೆಂಚ್ ಕವಿ ಬೋದಿಲೇರ್ ಇವರಿಗೆಲ್ಲ ಹಿರಿಯ. ಅವನ ಸಂಕಲನವನ್ನು ಲಂಕೇಶ್ ಅವರು ‘ಪಾಪದ ಹೂಗಳು’ ಅಂತ ಕನ್ನಡಕ್ಕೆ ತಂದಿದ್ದಾರೆ. ಮೂಲ ಬಂದಿದ್ದು 1857ರಲ್ಲಿ. ಅದರ ಒಂದು ಸಾನೆಟ್ಟಿನಲ್ಲಿ, ಅಂದರೆ ಹದಿನಾಲ್ಕು ಸಾಲಿನ ಪದ್ಯದಲ್ಲಿ, ಮನುಷ್ಯ ಸಂಕೇತಗಳ ಕಾಡಿನಲ್ಲಿ ನಡೆದುಹೋಗುತ್ತಾನೆ, ಆ ಸಂಕೇತಗಳು ಪರಿಚಯದ ಕಣ್ಣಿನಿಂದ ಅವನನ್ನು ನೋಡುತ್ತವೆ. ನಾವು ಅವನ್ನು ನೋಡುವುದು ಮಾತ್ರ ಅಲ್ಲ, ಅವೂ ನಮ್ಮನ್ನು ನೋಡುತ್ತವೆ. 1886ರ ಸೆಪ್ಟೆಂಬರ್ 18ರಂದು ಪ್ಯಾರಿಸಿನ ಲ ಫಿಗಾರೋ ಪತ್ರಿಕೆಯಲ್ಲಿ ಜಾನ್ ಮೊರೆಯಾಸ್ ಎಂಬ ಕವಿ ಈ ಸಂಕೇತವಾದಿ ಪಂಥಕ್ಕೊಂದು ಪ್ರಣಾಳಿಕೆ ಬರೆದ. ಪಾಠ ಹೇಳುವುದು, ಭಾಷಣ ಮಾಡುವುದು, ಸುಳ್ಳು ಭಾವುಕತೆ, ಇದ್ದದ್ದನ್ನು ಇದ್ದ ಹಾಗೆ ವರ್ಣಿಸುವುದು, ಈ ನಾಲ್ಕಕ್ಕೂ ಈ ಕಾವ್ಯ ವೈರಿ ಅಂದ.

ಆದರೆ ನಿಮ್ಮ ಬಳಗಕ್ಕೆ ಹೆಚ್ಚು ಬೇಕಾಗಿರುವುದು ಇದೇ ಪಂಥದ ಕವಿ ಮಲಾರ್ಮೆ 1891ರಲ್ಲಿ ಒಬ್ಬ ಪತ್ರಕರ್ತನಿಗೆ ಹೇಳಿದ ಮಾತು. ವಸ್ತುವಿನ ಹೆಸರು ಹೇಳಿಬಿಟ್ಟರೆ ಪದ್ಯದ ಸುಖದಲ್ಲಿ ಮುಕ್ಕಾಲು ಪಾಲು ಹೋಯಿತು, ಏಕೆಂದರೆ ಆ ಸುಖ ಇರುವುದು ಸ್ವಲ್ಪ ಸ್ವಲ್ಪವಾಗಿ ಊಹಿಸುವುದರಲ್ಲಿ ಅಂದ. ಇದು ಹೇಳಲು ಏನೂ ಇಲ್ಲದವನ ಮಾತಲ್ಲ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಅಳೆದು ನೋಡಿದವನ ಮಾತು. ಹೊಟ್ಟೆಪಾಡಿಗೆ ಅವನು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ. ಒಂದೊಂದು ಪದ್ಯವನ್ನು ವರ್ಷಗಟ್ಟಲೆ ತಿದ್ದುತ್ತಿದ್ದ.

ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ರ್‍ಯಾಂಬೋ ಎಂಬ ಫ್ರೆಂಚ್ ಕವಿ ಬರೆದ ‘ಸ್ವರಗಳು’ ಸಾನೆಟ್. ಬರೆದಾಗ ಅವನಿಗೆ ಸುಮಾರು 17 ವರ್ಷ. ಸಂಕೇತವಾದ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. 1883ರಲ್ಲಿ ಕವಿ ವರ್ಲೇನ್ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ರ್‍ಯಾಂಬೋ ಕವಿತೆಯನ್ನು ಪೂರ್ತಿ ಬಿಟ್ಟು ಆಫ್ರಿಕಾದಲ್ಲಿ ವ್ಯಾಪಾರಕ್ಕೆ ಇಳಿದಿದ್ದ.

ಪದ್ಯ ಶುರುವಾಗುವುದು ಹೀಗೆ: ಎ ಕಪ್ಪು, ಇ ಬಿಳಿ, ಐ ಕೆಂಪು, ಯು ಹಸಿರು, ಓ ನೀಲಿ. ನಾವು ಶಾಲೆಯಲ್ಲಿ ಕಲಿತ ಅದೇ ಐದು ಇಂಗ್ಲಿಷ್ ಅಕ್ಷರಗಳು, ಫ್ರೆಂಚಿನಲ್ಲಿ ಉಚ್ಚಾರ ಬೇರೆ ಅಷ್ಟೇ. ನಿಮ್ಮ ಹುಟ್ಟಿನ ಗುಟ್ಟನ್ನು ಮುಂದೆ ಒಂದು ದಿನ ಹೇಳುತ್ತೇನೆ ಅಂತ ಕವಿ ಆ ಅಕ್ಷರಗಳಿಗೆ ಮಾತು ಕೊಡುತ್ತಾನೆ. ಪದ್ಯ ಮುಗಿಯುತ್ತದೆ, ಗುಟ್ಟು ಹೇಳುವುದಿಲ್ಲ. ಕಪ್ಪಿನ ಜತೆ ಕೊಳೆತ ನಾತದ ಸುತ್ತ ಗುಂಯ್ ಅನ್ನುವ ನೊಣಗಳು ಬರುತ್ತವೆ. ಬಿಳಿಯ ಜತೆ ಹಬೆ, ಡೇರೆ, ಹಿಮದ ಈಟಿಗಳು. ಕೆಂಪಿನ ಜತೆ ಉಗಿದ ರಕ್ತ, ಸಿಟ್ಟಿನಲ್ಲಿ ನಗುವ ಚೆಂದದ ತುಟಿ. ಹಸಿರಿನ ಜತೆ ಸಮುದ್ರ, ದನಕರು ಮೇಯುವ ಹುಲ್ಲುಗಾವಲು. ಅಕ್ಷರಗಳ ಸಾಲು ಬದಲಾಗಿರುವುದನ್ನೂ ಗಮನಿಸಿ. ನಮಗೆ ಗೊತ್ತಿರುವ ಸಾಲಿನಲ್ಲಿ ಯು ಕೊನೆಗೆ ಬರುತ್ತದೆ. ಇಲ್ಲಿ ಓ ಕೊನೆ. ಗ್ರೀಕ್ ಅಕ್ಷರಮಾಲೆಯ ಕಟ್ಟಕಡೆಯ ಅಕ್ಷರ ಒಮೇಗಾ. ಪದ್ಯದ ಕೊನೆಯ ಸಾಲಿನಲ್ಲಿ ಆ ಹೆಸರು ಬಂದೇ ಬಿಡುತ್ತದೆ.

ಈ ಬಣ್ಣಗಳು ಎಲ್ಲಿಂದ ಬಂದವು ಅಂತ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಾದ ನಡೆದಿದೆ. ಚಿಕ್ಕಂದಿನಲ್ಲಿ ನೋಡಿದ ಬಣ್ಣದ ಅಕ್ಷರ ಪುಸ್ತಕದಿಂದ ಅಂದವರಿದ್ದಾರೆ. ಶಬ್ದ ಕೇಳಿದರೆ ಬಣ್ಣ ಕಾಣುವವರಿರುತ್ತಾರೆ, ಇವನೂ ಹಾಗೇ ಇದ್ದಿರಬೇಕು ಅಂದವರಿದ್ದಾರೆ. ಅಕ್ಷರದ ಆಕಾರದಲ್ಲೇ ಗುಟ್ಟಿದೆ ಅಂದವರೂ ಇದ್ದಾರೆ. ರ್‍ಯಾಂಬೋ ತಾನೇ 1873ರಲ್ಲಿ ‘ಸ್ವರಗಳ ಬಣ್ಣವನ್ನು ನಾನು ಹುಟ್ಟಿಸಿದೆ’ ಅಂತ ಬರೆದ. ಆದರೂ ವಾದ ನಿಲ್ಲಲಿಲ್ಲ. ನಿಲ್ಲಬೇಕಾಗಿಯೂ ಇಲ್ಲ. ಬಣ್ಣ ಎಲ್ಲಿಂದ ಬಂತು ಅಂತ ಗೊತ್ತಾದರೂ ನೊಣ ಯಾಕೆ ಬಂತು, ಆ ತುಟಿ ಯಾಕೆ ನಗುತ್ತಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ನನಗೆ ಈ ಪದ್ಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಕೊನೆಯ ಎರಡು ಪದ. ‘ಸೆ ಜ್ಯೂ’. ಕಣ್ಣುಗಳು. ಯಾರ ಕಣ್ಣುಗಳು? ಫ್ರೆಂಚಿನಲ್ಲಿ ‘ಸೆ’ ಅಂದರೆ ಅವನವೂ ಆಗಬಹುದು, ಅವಳವೂ ಆಗಬಹುದು. ಪದ್ಯದಲ್ಲಿ ಅದಕ್ಕೆ ಮುಂಚೆ ಯಾರ ಹೆಸರೂ ಬಂದಿಲ್ಲ. ಎರಡೂ ಪದ ದೊಡ್ಡಕ್ಷರದಿಂದ ಶುರುವಾಗುತ್ತವೆ, ದೇವರಿಗೆ ಬರೆಯುವ ಹಾಗೆ. ಅದಕ್ಕೇ ಕೆಲವರಿಗೆ ಅದು ದೇವರ ನೋಟ. ಆದರೆ ಅಲ್ಲಿ ಹೊಮ್ಮುವುದು ನೇರಳೆ ಬಣ್ಣದ ಕಿರಣ. ಕೆಲವರಿಗೆ ಅದು ಒಬ್ಬ ಹುಡುಗಿಯ ಕಣ್ಣು.

ಈಗ ಇದನ್ನು ಕನ್ನಡಕ್ಕೆ ತನ್ನಿ. ‘ಅವನ ಕಣ್ಣು’ ಅಂದರೆ ಹುಡುಗಿ ಹೋದಳು. ‘ಅವಳ ಕಣ್ಣು’ ಅಂದರೆ ದೇವರು ಹೋದ. ‘ಅವರ ಕಣ್ಣು’ ಅಂದರೆ ಯಾರೋ ಹಿರಿಯರು ಬಂದು ಕೂತ ಹಾಗಾಗುತ್ತದೆ. ‘ಆ ಕಣ್ಣು’ ಅಂದರೆ ಸ್ವಲ್ಪ ಉಳಿಯುತ್ತದೆ, ಆದರೆ ಕಣ್ಣಿನ ಒಡೆಯರೇ ಕಾಣೆಯಾಗುತ್ತಾರೆ. ತರಗತಿಯಲ್ಲಿ ಈ ಒಂದು ಸಾಲನ್ನು ಅನುವಾದಕ್ಕೆ ಕೊಟ್ಟರೆ ಗಂಟೆ ಮುಗಿದರೂ ಮಾತು ಮುಗಿಯುವುದಿಲ್ಲ. ಬೇರೆ ಬೇರೆ ಅರ್ಥ ಹುಟ್ಟುವುದು ಓದುಗರ ಗೊಂದಲದಿಂದ ಅಂತ ನೀವು ಅಂದುಕೊಂಡಿದ್ದರೆ, ಈ ಸಾಲನ್ನು ನೀವೇ ಒಮ್ಮೆ ಅನುವಾದ ಮಾಡಿ ನೋಡಿ. ಒಂದೇ ಪದದಲ್ಲಿ ಎರಡು ಬಾಗಿಲನ್ನೂ ತೆರೆದಿಟ್ಟವನು ಕವಿ. ಒಂದನ್ನು ಮುಚ್ಚಬೇಕಾಗುವುದು ನಮಗೆ.

ಮಲಾರ್ಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ಒಂದು ಸಾನೆಟ್ಟಿನಲ್ಲಿ ಖಾಲಿ ಕೋಣೆ ಇದೆ, ಗೋಡೆ ಪಕ್ಕದ ಮೇಜುಗಳ ಮೇಲೆ ಒಂದು ‘ಪ್ತಿಕ್ಸ್’ ಇಲ್ಲ. ಹೌದು, ಇಲ್ಲ ಅಂತಲೇ ಪದ್ಯ ಹೇಳುತ್ತದೆ. ಪ್ತಿಕ್ಸ್ ಅಂದರೆ ಏನು? 1868ರಲ್ಲಿ ಅವನೇ ಗೆಳೆಯನಿಗೆ ಪತ್ರ ಬರೆದು ಈ ಪದದ ಅರ್ಥ ಕೇಳಿದ. ಯಾವ ಭಾಷೆಯಲ್ಲೂ ಇಂಥ ಪದ ಇಲ್ಲ ಅಂತ ಯಾರೋ ಹೇಳಿದ್ದರಂತೆ. ಹಾಗಿದ್ದರೆ ಇನ್ನೂ ಒಳ್ಳೆಯದು, ಪ್ರಾಸದ ಮಾಯೆಯಿಂದ ಒಂದು ಪದ ಹುಟ್ಟಿಸಿದ ಸುಖ ಸಿಗುತ್ತದೆ ಅಂತ ಬರೆದ. ಆಮೇಲೆ ವಿದ್ವಾಂಸರು ಅದನ್ನು ಶಂಖ ಅಂದರು, ಮಡಚಿದ ಪದರ ಎಂಬ ಅರ್ಥದ ಗ್ರೀಕ್ ಪದ ಅಂದರು. ನನಗೆ ಶಂಖ ಹಿಡಿಸುತ್ತದೆ, ಏಕೆಂದರೆ ಪಕ್ಕದಲ್ಲೇ ‘ಟೊಳ್ಳಾಗಿ ಮೊಳಗುವ’ ಅನ್ನುವ ಅರ್ಥದ ಮಾತಿದೆ. ಆದರೆ ಶಂಖ ಅಂತ ತೀರ್ಮಾನ ಮಾಡಿಬಿಟ್ಟರೆ ಪದ್ಯದಲ್ಲಿ ಒಂದು ಸಾಮಾನು ಜಾಸ್ತಿಯಾಗುತ್ತದೆ. ಕವಿಗೆ ಬೇಕಾಗಿದ್ದು ಅಲ್ಲಿ ಏನೂ ಇಲ್ಲದಿರುವುದು. ಆ ಪದ್ಯದ ಕೊನೆಯಲ್ಲಿ ಯಾರೂ ಇಲ್ಲದ ಆ ಕೋಣೆಯ ಕನ್ನಡಿಯಲ್ಲಿ ಏಳು ನಕ್ಷತ್ರ ಮಿನುಗುತ್ತವೆ. ನಾವು ಸಪ್ತರ್ಷಿ ಮಂಡಲ ಅನ್ನುವ ಅದೇ ಏಳು. ಅವನ್ನು ಋಷಿಗಳು ಅಂತ ಓದುವ ಹಕ್ಕು ನಮಗಿದೆಯಾ? ಮಲಾರ್ಮೆಯ ಮನಸ್ಸಿನಲ್ಲಿ ಋಷಿಗಳು ಇರಲಿಲ್ಲ, ಅದು ಖಂಡಿತ. ಆದರೂ ನಿರ್ಜನ ಕೋಣೆಗೆ ಆಕಾಶದಿಂದ ಏಳು ಜನ ಇಣುಕಿದ ಹಾಗೆ ನನಗೆ ಪ್ರತಿ ಸಲವೂ ಕಾಣುತ್ತದೆ. ಇದು ನನ್ನ ಮನೆಯಿಂದ ನಾನು ತಂದದ್ದು ಅಂತ ತಿಳಿದುಕೊಂಡೇ ಆ ಸಾಲನ್ನು ಓದುತ್ತೇನೆ.

ಧ್ವನಿಯ ಬಗ್ಗೆ ಕೇಳಿದ್ದೀರಿ. ನೆಂಟಸ್ತನ ಇದೆ, ಆದರೆ ಎರಡೂ ಒಂದೇ ಅಲ್ಲ. ಕಾಶ್ಮೀರದ ಕಾವ್ಯಶಾಸ್ತ್ರಜ್ಞ ಮಮ್ಮಟ ಕೊಡುವ ಉದಾಹರಣೆ ನಿಮಗೆ ಗೊತ್ತಿರಬಹುದು. ‘ಸೂರ್ಯ ಮುಳುಗಿದ’ ಅನ್ನುವುದು ಒಂದೇ ಮಾತು. ದನ ಕಾಯುವವನಿಗೆ ದನ ಹೊಡೆದುಕೊಂಡು ಮನೆಗೆ ಹೋಗು ಅಂತ ಕೇಳಿಸುತ್ತದೆ. ನಲ್ಲನನ್ನು ಕಾಣಲು ಹೊರಟವಳಿಗೆ ಹೊತ್ತಾಯಿತು ಅಂತ. ಸಂಧ್ಯಾವಂದನೆ ಮಾಡುವವನಿಗೆ ಏಳು ಅಂತ. ಇಲ್ಲಿ ಅರ್ಥ ಹಲವಾದರೂ ಒಂದೊಂದೂ ಗಟ್ಟಿ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಸಂದರ್ಭ ಅಂತ ಗೊತ್ತಾದರೆ ಅರ್ಥ ಕೈಗೆ ಸಿಗುತ್ತದೆ. ಮಲಾರ್ಮೆ ಮಾಡಿದ್ದು ಆ ‘ಯಾರು’ ಅನ್ನುವುದನ್ನೇ ತೆಗೆದುಹಾಕುವ ಕೆಲಸ. ಶುದ್ಧವಾದ ಕೃತಿಯಲ್ಲಿ ಮಾತಾಡುವ ಕವಿ ಮರೆಯಾಗಬೇಕು, ಮೇಲುಗೈಯನ್ನು ಪದಗಳಿಗೇ ಬಿಟ್ಟುಕೊಡಬೇಕು ಅಂತ ಅವನು ಬರೆದಿದ್ದಾನೆ. ಸೂರ್ಯ ಮುಳುಗಿದ ಅನ್ನುವ ಮಾತು ಇದೆ, ಆದರೆ ಹೇಳಿದವರೂ ಇಲ್ಲ, ಯಾರಿಗೆ ಅಂತಲೂ ಇಲ್ಲ ಅಂದುಕೊಳ್ಳಿ. ಆಗ ಓದುವವರು ತಾವೇ ಆ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ಹಾಗಾದರೆ ಯಾರು ಏನು ಹೇಳಿದರೂ ನಡೆಯುತ್ತಾ? ನಡೆಯುವುದಿಲ್ಲ. ಈ ಚಿತ್ರ, ಪದ್ಯಗಳಿಗೆ ಅತಿ ಹೆಚ್ಚು ಕೆಡುಕು ಮಾಡುವ ಓದು ಒಂದಿದೆ. ಕಪ್ಪು ಅಂದರೆ ಸಾವು, ಬಿಳಿ ಅಂದರೆ ಶಾಂತಿ, ದೋಣಿ ಅಂದರೆ ಜೀವನ ಅಂತ ಪರೀಕ್ಷೆಯ ನೋಟ್ಸಿನ ಹಾಗೆ ಬರೆದುಕೊಳ್ಳುವುದು. ಅಂಥ ಓದಿಗೆ ಚಿತ್ರವೇ ಬೇಕಾಗಿಲ್ಲ, ನಿಘಂಟು ಸಾಕು. ಸಿಗ್ನಲ್‌ನ ಕೆಂಪು ದೀಪಕ್ಕೆ ಎಲ್ಲರಿಗೂ ಒಂದೇ ಅರ್ಥ ಇರಬೇಕು, ಇಲ್ಲದಿದ್ದರೆ ಜನ ಸಾಯುತ್ತಾರೆ. ರ್‍ಯಾಂಬೋನ ಕೆಂಪಿಗೆ ಆ ಕೆಲಸ ಇಲ್ಲ.

ಇನ್ನೊಂದು ಕಡೆ, ಚಿತ್ರದಲ್ಲಿ ಇರುವುದನ್ನು ನೋಡದೆ ತನ್ನ ಮನಸ್ಸಿಗೆ ಬಂದದ್ದನ್ನು ಹೇಳುವುದೂ ಓದಲ್ಲ. ನಾನು ಒಂದು ಓದನ್ನು ಹೀಗೆ ಪರೀಕ್ಷೆ ಮಾಡುತ್ತೇನೆ. ಅದನ್ನು ಕೇಳಿದ ಮೇಲೆ ಚಿತ್ರದಲ್ಲಿ ನನಗೆ ಮೊದಲು ಕಾಣದೇ ಇದ್ದದ್ದು ಏನಾದರೂ ಕಾಣುತ್ತದೆಯೇ? ಚಿತ್ರದಲ್ಲಿರುವ ಯಾವುದನ್ನಾದರೂ ಅದು ಮುಚ್ಚಿಡಬೇಕಾಗುತ್ತದೆಯೇ? ಭಯ ಅಂದವರು ಕಪ್ಪು ಮರಗಳನ್ನು ನೋಡಿದ್ದಾರೆ, ಕನ್ನಡಿಯಂಥ ನೀರನ್ನು ಮರೆತಿದ್ದಾರೆ. ನೆಮ್ಮದಿ ಅಂದವರು ನೀರನ್ನು ನೋಡಿದ್ದಾರೆ, ಬಂಡೆಯ ಬಾಗಿಲುಗಳನ್ನು ಮರೆತಿರಬಹುದು. ಇಬ್ಬರನ್ನೂ ಎದುರುಬದುರು ಕೂರಿಸಿ, ಇನ್ನೊಬ್ಬರು ತೋರಿಸಿದ್ದನ್ನು ನೋಡಿಸಿ. ಜಗಳ ಅಲ್ಲೇ ಒಳ್ಳೆಯ ಮಾತುಕತೆಯಾಗುತ್ತದೆ.

ಅಮ್ಮನ ಓದಿಗೂ ಇದೇ ಪರೀಕ್ಷೆ. ಅದು ನನಗೆ ತಿರುಗಿ ನೋಡುತ್ತಿರುವ ಒಬ್ಬರನ್ನು ತೋರಿಸಿಕೊಟ್ಟಿತು, ಅದು ದೊಡ್ಡ ಲಾಭ. ಆದರೆ ಒಂದು ತೊಡಕಿದೆ. ಬಿಟ್ಟು ಬರುತ್ತಿದ್ದರೆ ಶವಪೆಟ್ಟಿಗೆ ಇನ್ನೂ ದೋಣಿಯಲ್ಲೇ ಯಾಕಿದೆ? ಮರೀ ಬೆರ್ನಾ ಬರುವ ಮೊದಲು ಆ ದೋಣಿಯಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಬಿಳಿ ಆಕೃತಿಯೂ ಇರಲಿಲ್ಲ. ಅರ್ಧ ಮುಗಿದ ಆ ಚಿತ್ರಕ್ಕೆ ‘ಬಿಟ್ಟು ಬರುತ್ತಿರುವ ದೋಣಿ’ ಅನ್ನುವುದು ಸಲೀಸಾಗಿ ಹೊಂದುತ್ತಿತ್ತು. ಈಗಿನ ಚಿತ್ರಕ್ಕೆ ಹೊಂದಬೇಕಾದರೆ ಅಮ್ಮ ಆ ಪೆಟ್ಟಿಗೆಗೆ ಉತ್ತರ ಹೇಳಬೇಕು. ಅವರ ಹತ್ತಿರ ಉತ್ತರ ಇರಬಹುದು. ಬಿಟ್ಟು ಬಂದರೂ ಬಿಡದೆ ಜತೆಗೇ ಬರುವಂಥದ್ದು ಇರುತ್ತದೆ, ಅವರ ವಯಸ್ಸಿನವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮುಂದಿನ ಸಲ ಬಳಗ ಸೇರಿದಾಗ ಅವರನ್ನೂ ಕೂರಿಸಿಕೊಳ್ಳಿ. ಚಿತ್ರದ ಹೆಸರು ಹೇಳಬೇಡಿ. ‘ವಾಪಸ್ ಬರ್ತಾ ಇದ್ದಾರೆ ಅಂತ ನಿಮಗೆ ಅನ್ನಿಸಿದ್ದು ಯಾವ ಜಾಗ ನೋಡಿ’ ಅಂತ ಕೇಳಿ, ಬೆರಳಿಟ್ಟು ತೋರಿಸಲು ಹೇಳಿ. ಅವರು ಎಲ್ಲಿ ಬೆರಳಿಟ್ಟರು ಅಂತ ನನಗೆ ದಯವಿಟ್ಟು ಬರೆದು ತಿಳಿಸಿ.